ಟಿಡಿಎಸ್ ಮೀಟರಿಗೆ ಸೀಸ ಕಾಣಿಸಲ್ಲ

ನಾನು ಹೈದರಾಬಾದಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಎಂಟೆಕ್ ದಿನಗಳಲ್ಲಿ ಹಿಡಿದ ಸೆನ್ಸರ್ ಹುಚ್ಚು ಇನ್ನೂ ಬಿಟ್ಟಿಲ್ಲ, ಅದಕ್ಕೇ ಈ ಮಾತು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟ್ಯಾಂಕರ್ ಬಂದಾಗಲೆಲ್ಲ ಯಾರಾದರೂ ಟಿಡಿಎಸ್ ಮೀಟರಿನ ಫೋಟೋ ಹಾಕ್ತಾರೆ. 180 ಅಂತ ಇದ್ರೆ ಎಲ್ಲರಿಗೂ ಸಮಾಧಾನ. ನಿಮ್ಮಲ್ಲೂ ಇದೇ ಕಥೆ ಅಲ್ವಾ?

ಆ ಮೀಟರ್ ಅಳೆಯೋದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದನ್ನ. ಅದರಿಂದ ಕರಗಿರುವ ಲವಣ ಒಟ್ಟು ಎಷ್ಟು ಅಂತ ಅಂದಾಜು ಹಾಕುತ್ತೆ. ಯಾವುದು ಎಷ್ಟು ಅಂತ ಹೇಳಲ್ಲ. ಕುಡಿಯುವ ನೀರಿಗೆ ಐಎಸ್ 10500 ಮಾನಕ ಇಟ್ಟಿರುವ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಮ್ಮ ಕೈಮೀಟರ್ ಲೆಕ್ಕ ಹಾಕೋದು ಒಂದೊಂದು ಮಿಲಿಗ್ರಾಂ ಲೆಕ್ಕದಲ್ಲಿ. ಸೀಸ ಮಿತಿಯ ನೂರು ಪಟ್ಟು ಇದ್ದರೂ 180 ಇದ್ದದ್ದು 181 ಆದೀತು, ಅಷ್ಟೆ! ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುವ ಲೋಹ ಇದು. ಕುದಿಸಿದರೂ ಹೋಗಲ್ಲ.

ಇಲ್ಲಿ ಬರೋದು ಪ್ರತಿದೀಪ್ತಿ ಸೆನ್ಸರ್. ಹೈಲೈಟರ್ ಶಾಯಿ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತಲ್ಲ, ಅದೇ ಪ್ರತಿದೀಪ್ತಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಲೋಹ ಸಿಕ್ಕಿದರೆ ಬೆಳಕು ಆರುತ್ತೆ. ತಾಮ್ರ, ಪಾದರಸ ಹೀಗೆ ಆರಿಸೋದರಲ್ಲಿ ನಿಸ್ಸೀಮರು. ನನಗೆ ಈ ಬಗೆ ಇಷ್ಟ ಇಲ್ಲ. ಲಾಗ್ ಬರೋದು ನಿಂತಾಗ ಸರ್ವರ್ ಬಿತ್ತೋ, ಲಾಗಿಂಗೇ ಕೆಟ್ಟಿತೋ ಅಂತ ರಾತ್ರಿ ಎರಡು ಗಂಟೆಗೆ ತಲೆ ಕೆರೆದುಕೊಂಡವರಿಗೆ ಕಾರಣ ಹೇಳಬೇಕಿಲ್ಲ. ಬೆಳಕು ಆರೋಕೆ ನೂರು ಕಾರಣ.

ಎರಡನೆಯದರಲ್ಲಿ ಲೋಹ ಸಿಕ್ಕಿದರೆ ಬೆಳಕು ಹೊತ್ತುತ್ತೆ. 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಯಿ ಲು ಮತ್ತು ಜಿಂಗ್ ಲಿ ಸೀಸಕ್ಕೆ ಮಾಡಿದ್ದು ಇಂಥದ್ದೇ. ಡಿಎನ್‌ಎಯ ಎರಡು ಎಳೆ ಜೊತೆಗೆ ಕೂತಿರುತ್ತವೆ. ಒಂದರ ತುದಿಯಲ್ಲಿ ಹೊಳೆಯುವ ಬಣ್ಣ, ಪಕ್ಕದ ಎಳೆಯಲ್ಲಿ ಆ ಹೊಳಪನ್ನು ನುಂಗುವ ಅಣು. ಸೀಸ ಬಂದರೆ ಆ ಪಕ್ಕದ ಎಳೆ ಕತ್ತರಿಯಾಗಿ ಮೊದಲನೆಯದನ್ನು ತುಂಡರಿಸುತ್ತೆ. ಬಣ್ಣದ ತುಂಡು ದೂರ ಸರಿದು ಹೊಳೆಯುತ್ತೆ. ಲೀಟರಿಗೆ ಸುಮಾರು 2 ಮೈಕ್ರೋಗ್ರಾಂ ಸೀಸವನ್ನೂ ಅದು ಹಿಡಿಯಿತು. ನಮ್ಮ ಮಿತಿ 10.

ಹಾಗಂತ ಆನ್‌ಲೈನಲ್ಲಿ ಸಿಕ್ಕ ಕಿಟ್ ತಂದು ನಿಶ್ಚಿಂತೆಯಿಂದ ಇರಬೇಡಿ. ಲ್ಯಾಬಿನ ಶುದ್ಧ ದ್ರಾವಣವೇ ಬೇರೆ, ಸುಣ್ಣ, ಕಬ್ಬಿಣ, ಕೆಸರು ಎಲ್ಲ ಇರುವ ಬೋರ್‌ವೆಲ್ ನೀರೇ ಬೇರೆ. ಸದ್ಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡೋದೇ ವಾಸಿ. ಸೀಸ ಬೇಕು ಅಂತ ಹೆಸರು ಹಿಡಿದು ಕೇಳಿ. ಸಾಮಾನ್ಯ ಪ್ಯಾಕೇಜಿನಲ್ಲಿ ಅದು ಇರಲೇಬೇಕು ಅಂತಿಲ್ಲ.

ಇನ್ನೊಂದು ಮಾತು. ಸೀಸ ಟ್ಯಾಂಕರಿನಿಂದಲೇ ಬರಬೇಕಿಲ್ಲ, ಹಳೇ ಪಿವಿಸಿ ಪೈಪು, ಹಿತ್ತಾಳೆ ನಲ್ಲಿಯಿಂದಲೂ ಬರುತ್ತೆ. ಹಾಗಾಗಿ ಎರಡು ಬಾಟಲಿ ಹಿಡಿಯಿರಿ: ರಾತ್ರಿಯಿಡೀ ಪೈಪಿನಲ್ಲಿ ನಿಂತು ಬೆಳಗ್ಗೆ ಮೊದಲು ಬರುವ ನೀರು ಒಂದು, ಐದು ನಿಮಿಷ ಹರಿಯಲು ಬಿಟ್ಟು ಹಿಡಿದದ್ದು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಜಾಸ್ತಿ ಬಂದರೆ ಟ್ಯಾಂಕರಿನವರ ಜೊತೆ ಜಗಳ ಆಡಬೇಡಿ, ಪ್ಲಂಬರನ್ನ ಕರೆಸಿ.