ಕ್ರೈಸ್ತಬೋಧೆಯಲ್ಲಿ ತ್ಯಾಗ ಮತ್ತು ಯಾತನೆ

 

ಪರಮತವನ್ನು ಅರಿಯಬೇಕೆಂಬವನು ಮೊದಲು ಅದರ ಹೃದಯವನ್ನು ಹುಡುಕಬೇಕು. ಕ್ರೈಸ್ತಮತದ ಹೃದಯವು ಶಿಲುಬೆ. ನಿರಪರಾಧಿಯಾದ ಯೇಸುವು ರೋಮನ್ ಅಧಿಕಾರಿಯ ಆಜ್ಞೆಯಂತೆ ಕಳ್ಳರ ನಡುವೆ ಪ್ರಾಣಬಿಟ್ಟ ವೃತ್ತಾಂತವೇ ಆ ಮತದವರ ನಿತ್ಯಚಿಂತನೆ. ಜೆರೂಸಲೇಮಿನ ದೇವಾಲಯದಲ್ಲಿ ಪಶುಬಲಿ ನಡೆಯುತ್ತಿದ್ದ ಕಾಲವದು. ಈ ಒಂದು ಆತ್ಮಾರ್ಪಣೆಯಿಂದ ಇನ್ನಾವ ಬಲಿಯೂ ಬೇಡವಾಯಿತೆಂದು ಅವರ ಶಾಸ್ತ್ರವು ಸಾರುತ್ತದೆ.

ಆ ಮರಣದ ಅರ್ಥವೇನೆಂಬಲ್ಲಿ ಅವರ ಪಂಡಿತರಲ್ಲಿಯೇ ಭಿನ್ನಮತವುಂಟು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾದ ಆನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಾಪದಿಂದ ದೇವರ ಮಹಿಮೆಗೆ ಉಂಟಾದ ಕುಂದನ್ನು ಮನುಷ್ಯನು ತುಂಬಲಾರನು, ಆದುದರಿಂದ ದೇವಮಾನವನೇ ತುಂಬಿದನು ಎಂದು ಸಾಧಿಸಿದನು. ಅವನ ತರುವಾಯ ಪ್ಯಾರಿಸಿನಲ್ಲಿ ಪಾಠ ಹೇಳಿದ ಅಬೆಲಾರ್ಡನು, ಆ ಮರಣದಲ್ಲಿ ತೋರಿದ ಪ್ರೇಮವು ಕಂಡವರಲ್ಲಿಯೂ ಪ್ರೇಮವನ್ನು ಹೊತ್ತಿಸುವುದೇ ವಿಮೋಚನೆಯೆಂದನು. ಒಬ್ಬನಿಗೆ ಅದು ತೀರಿದ ಋಣ. ಇನ್ನೊಬ್ಬನಿಗೆ ದೀಪದಿಂದ ಹೊತ್ತಿದ ದೀಪ.

ವಾದವು ಪಂಡಿತರಿಗಿರಲಿ. ಈ ತತ್ತ್ವವು ಬೋಧಿಸುವವರ ಕೈಯಲ್ಲಿ ಏನಾಗುತ್ತದೆಂಬುದು ವಿಚಾರಣೀಯ. ಅಮೇರಿಕೆಯ ದಾಸ್ಯದಿಂದ ಪಾರಾದ ಫ್ರೆಡರಿಕ್ ಡಗ್ಲಾಸನು 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನ ಯಜಮಾನನ ಸಂಗತಿಯನ್ನು ಬರೆದಿದ್ದಾನೆ. ಆ ಯಜಮಾನನು 1832ರಲ್ಲಿ ಒಂದು ಧರ್ಮಸಭೆಗೆ ಹೋಗಿ ಭಕ್ತನಾದನು. ಭಕ್ತನಾದ ಮೇಲೆ ಮತ್ತಷ್ಟು ಕ್ರೂರನಾಗಿ, ಕೈ ಊನವಾದ ದಾಸಿಯೊಬ್ಬಳನ್ನು ಕಟ್ಟಿ, ಶಾಸ್ತ್ರವಾಕ್ಯವನ್ನು ಹೇಳುತ್ತ ಚಾವಟಿಯಿಂದ ಹೊಡೆದನು. ಪರರ ಬೆನ್ನ ಮೇಲೆ ಶಿಲುಬೆಯನ್ನು ಹೊರಿಸುವ ಧರ್ಮವಿದು.

ಜರ್ಮನಿಯ ಪಾದ್ರಿ ಬೋನ್‌ಹೋಫರನು ಬೇರೆ ದಾರಿ ಹಿಡಿದನು. ಬೆಲೆ ತೆರದೆ ಪಡೆಯುವ ಕೃಪೆಯನ್ನು 1937ರ ಗ್ರಂಥದಲ್ಲಿ ಖಂಡಿಸಿದನು. 1939ರಲ್ಲಿ ಅಮೇರಿಕೆಯಲ್ಲಿ ಸುರಕ್ಷಿತನಾಗಿದ್ದರೂ, ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ಅವರ ನಡುವೆ ಧರ್ಮಕಾರ್ಯ ಮಾಡುವ ಅಧಿಕಾರವಿಲ್ಲವೆಂದು ಬಗೆದು ಹಿಂತಿರುಗಿದನು. ಹಿಟ್ಲರನಿಗೆ ಎದುರಾದವರೊಡನೆ ಸೇರಿ, 1943ರಲ್ಲಿ ಸೆರೆಯಾಗಿ, 1945ನೆಯ ಏಪ್ರಿಲ್ 9ರಂದು ಗಲ್ಲಿಗೇರಿದನು.

ಜಾತಿಯ ಕಟ್ಟನ್ನು ಮೀರಿ ಮಕ್ಕಳ ವಿವಾಹವನ್ನು ನೆರವೇರಿಸಿ ಪ್ರಾಣ ತೆತ್ತ ಹರಳಯ್ಯ ಮಧುವರಸರ ಕಥೆಯನ್ನು ಬಲ್ಲ ನಮಗೆ ಇಂತಹ ನಡೆ ಅಪರಿಚಿತವಲ್ಲ. ಯಾತನೆಗೆ ತಾನಾಗಿ ಪುಣ್ಯವಿಲ್ಲ. ಸತ್ಯಕ್ಕಾಗಿ, ಪರಹಿತಕ್ಕಾಗಿ ತಾನೇ ಹೊತ್ತರೆ ಅದು ತ್ಯಾಗ; ಬಲ್ಲಿದನು ಬಡವನ ಮೇಲೆ ಹೊರಿಸಿದರೆ ಅದು ಹಿಂಸೆ.

ಮಠದಲ್ಲಿ ಕುಳಿತು ಭಕ್ತರಿಗೆ ತ್ಯಾಗವನ್ನು ಉಪದೇಶಿಸುವ ನಮಗೂ ಈ ಒರೆಗಲ್ಲು ಸಲ್ಲುತ್ತದೆ: ನಮ್ಮ ಉಪದೇಶದ ಭಾರವನ್ನು ಯಾರ ಹೆಗಲು ಹೊರುತ್ತಿದೆ? ಇದನ್ನು ತಾವೆಲ್ಲರೂ ವಿಚಾರಿಸಬೇಕು.