ಬ್ರೇಕ್ ಕೂಗಿದ್ರೆ ಹೆದರಬೇಕಾ, ಸುಮ್ಮನಿದ್ರೆ ಹೆದರಬೇಕಾ?

ಇವತ್ತು ಕಾರಿನ ಬ್ರೇಕ್ ಬಗ್ಗೆ ಮಾತಾಡೋಣ, ಅದರಲ್ಲೂ ಅದು ಮಾಡೋ ಸದ್ದಿನ ಬಗ್ಗೆ. ಶಿವಮೊಗ್ಗದ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದಾರೆ. ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡು ನಾಲ್ಕು ತಿಂಗಳಾಗಿದೆಯಂತೆ. ಬ್ರೇಕ್ ಒತ್ತಿದ್ರೆ ‘ಕೀಂಯ್’ ಅನ್ನತ್ತೆ. ಅಪ್ಪ ‘ಹಳೇ ಗಾಡಿ ಅಂದ್ಮೇಲೆ ಸದ್ದು ಮಾಡತ್ತೆ ಕಣೋ, ಓಡ್ಸು’ ಅಂತಾರೆ. ಗ್ಯಾರೇಜಿನವರು ‘ಎಲ್ಲ ಚೇಂಜ್ ಮಾಡ್ಬೇಕು ಸಾರ್’ ಅಂತಾರೆ. ಮುಂದಿನ ವಾರ ಗೆಳೆಯರ ಜೊತೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ಬೇಕು. ಹೋಗ್ಬಹುದಾ ಅನ್ನೋದು ಅವರ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ, ಬಿಕಾಂ ಓದಿದವನು. ಕಾಮರ್ಸ್ ಓದಿದ್ರಿಂದ ಒಂದು ಅಭ್ಯಾಸ ಬಂದಿದೆ: ದೊಡ್ಡ ಮೊತ್ತ ಕಂಡ ತಕ್ಷಣ ಗಾಬರಿ ಆಗಲ್ಲ, ಅದು ಯಾವ ಖಾತೆಯಲ್ಲಿ, ಯಾವ ತಾರೀಖಿಗೆ ಬಂದಿದೆ ಅಂತ ಮೊದಲು ನೋಡ್ತೀನಿ. ಬ್ರೇಕ್ ಸದ್ದಿನ ವಿಷಯದಲ್ಲೂ ಇದೇ. ಎಷ್ಟು ಜೋರಾಗಿದೆ ಅನ್ನೋದು ಅಷ್ಟು ಮುಖ್ಯ ಅಲ್ಲ. ಯಾವಾಗ ಬರತ್ತೆ, ಯಾವಾಗ ನಿಲ್ಲತ್ತೆ, ಮೊನ್ನೆಗಿಂತ ಇವತ್ತು ಬದಲಾಗಿದೆಯಾ, ಅದನ್ನ ಕೇಳಿಸ್ಕೋಬೇಕು.

ಮೊದಲು ಒಳಗೆ ಏನಾಗತ್ತೆ ನೋಡೋಣ. ನಮ್ಮಲ್ಲಿ ಓಡೋ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನ ಚಕ್ರಕ್ಕೆ ಡ್ರಮ್. ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗೋ ಎರಕದ ಕಬ್ಬಿಣದ ತಟ್ಟೆ. ಕಾಲಲ್ಲಿ ಪೆಡಲ್ ಒತ್ತಿದ್ರೆ ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಎರಡು ಪ್ಯಾಡ್‌ಗಳು ಆ ತಟ್ಟೆಯನ್ನ ಎರಡೂ ಕಡೆಯಿಂದ ಹಿಡ್ಕೊಳ್ತವೆ. ಆ ಹಿಡಿತ ಒಂದೇ ಸಮ ಇರಲ್ಲ. ಪ್ಯಾಡ್ ಕ್ಷಣ ಅಂಟತ್ತೆ, ಕ್ಷಣ ಜಾರತ್ತೆ, ಸೆಕೆಂಡಿಗೆ ಸಾವಿರಾರು ಸಲ. ಬೋರ್ಡಿನ ಮೇಲೆ ಚಾಕ್‌ಪೀಸ್ ನೆಟ್ಟಗೆ ಹಿಡಿದು ಎಳೆದ್ರೆ ಹಲ್ಲು ಜುಂ ಅನ್ನೋ ಸದ್ದು ಬರತ್ತಲ್ಲ, ಅದೂ ಇದೇ. ಅಂದ್ರೆ ಪೂರ್ತಿ ಆರೋಗ್ಯವಾಗಿರೋ ಬ್ರೇಕ್ ಕೂಡ ಕೂಗಬಹುದು. ಧೂಳು ಕೂತಿರತ್ತೆ, ಪ್ಯಾಡ್ ಹಿಂದಿನ ತೆಳು ತಗಡು ಸಡಿಲ ಆಗಿರತ್ತೆ, ಕ್ಯಾಲಿಪರ್ ಪಿನ್ನಿನ ಗ್ರೀಸ್ ಒಣಗಿರತ್ತೆ. ಪ್ಯಾಡಿನಲ್ಲಿ ಲೋಹದ ಅಂಶ ಜಾಸ್ತಿ ಇದ್ರೂ ಸದ್ದು ಜಾಸ್ತಿ.

ಬೆಳಿಗ್ಗೆಯ ಸದ್ದನ್ನ ಬೇಗ ಮುಗಿಸಿಬಿಡೋಣ. ಮಳೆಗಾಲದಲ್ಲಿ, ಅಥವಾ ಕಾರು ತೊಳೆದ ಮಾರನೇ ದಿನ, ಮೊದಲ ಮೂರು ನಾಲ್ಕು ಸಲ ಬ್ರೇಕ್ ಒತ್ತಿದಾಗ ಕರಕರ ಅಂದು ಆಮೇಲೆ ನಿಂತು ಹೋದ್ರೆ, ಅದು ಡಿಸ್ಕ್ ಮೇಲೆ ರಾತ್ರಿ ಹಿಡಿದ ತೆಳು ತುಕ್ಕು. ಪ್ಯಾಡೇ ಅದನ್ನ ಉಜ್ಜಿ ತೆಗೆಯತ್ತೆ. ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ್ದ ಕಾರು ಹೊರಡುವಾಗ ಹಿಂದಿನಿಂದ ‘ಟಕ್’ ಅಂದ್ರೆ, ತೇವಕ್ಕೆ ಡ್ರಮ್ಮಿಗೆ ಅಂಟಿಕೊಂಡಿದ್ದ ಬ್ರೇಕ್ ಶೂ ಬಿಟ್ಟುಕೊಂಡಿದ್ದು. ಎಲೆಕ್ಟ್ರಿಕ್ ಕಾರು ಇಟ್ಕೊಂಡಿರೋರಿಗೆ ಈ ತುಕ್ಕಿನ ಸದ್ದು ಇನ್ನೂ ಪರಿಚಯ ಇರತ್ತೆ. ಅಲ್ಲಿ ವೇಗ ತಗ್ಗಿಸೋ ಕೆಲಸ ಹೆಚ್ಚಾಗಿ ಮೋಟರ್ ಮಾಡತ್ತೆ, ಡಿಸ್ಕಿಗೆ ಉಜ್ಜಿಸಿಕೊಳ್ಳೋ ಭಾಗ್ಯ ಕಡಿಮೆ.

ಈಗ ಕಿವಿ ಕೊಡಬೇಕಾದ ಸದ್ದು. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಚಿಕ್ಕ ಉಕ್ಕಿನ ಪಟ್ಟಿಯನ್ನ ಬೇಕಂತಲೇ ಬಾಗಿಸಿ ಕೂರಿಸಿರ್ತಾರೆ. ಹೊಸ ಪ್ಯಾಡಿನ ಉಜ್ಜೋ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರತ್ತೆ. ಅದು ಸವೆದು ಎರಡು ಮೂರು ಮಿಲಿಮೀಟರ್‌ಗೆ ಬಂದಾಗ ಈ ಪಟ್ಟಿಯ ತುದಿ ಡಿಸ್ಕಿಗೆ ತಾಗಿ ಕಿರುಚೋಕೆ ಶುರು ಮಾಡತ್ತೆ. ಯಾರೋ ಒಬ್ಬ ಎಂಜಿನಿಯರ್ ನಮಗೋಸ್ಕರ ಇಟ್ಟ ಅಲಾರಂ ಅದು. ಅದರ ಗುರುತು ವಿಚಿತ್ರ: ಎಷ್ಟೋ ಕಾರುಗಳಲ್ಲಿ ಬ್ರೇಕ್ ಒತ್ತದೇ ಸುಮ್ಮನೆ ಹೋಗ್ತಿರುವಾಗ್ಲೇ ಸಣ್ಣಗೆ ಕಿರ್‍ರ್ ಅಂತಿರತ್ತೆ, ಒತ್ತಿದ್ರೆ ಬದಲಾಗತ್ತೆ ಅಥವಾ ನಿಲ್ಲತ್ತೆ. ಜನ ಏನಂದ್ಕೊಳ್ತಾರೆ? ‘ಬ್ರೇಕ್ ಹಾಕಿದ್ರೆ ಸದ್ದೇ ಇಲ್ಲ, ಹಾಗಾದ್ರೆ ಬ್ರೇಕ್‌ದಲ್ಲ ಬಿಡು’ ಅಂತ. ಇನ್ನೊಂದು ತೊಂದರೆ, ಎಲ್ಲ ಪ್ಯಾಡಲ್ಲೂ ಈ ಪಟ್ಟಿ ಇರಲ್ಲ. ಹಿಂದಿನ ಮಾಲೀಕರು ಯಾವ ಪ್ಯಾಡ್ ಹಾಕಿಸಿದ್ರೋ ನಿಮಗೆ ಗೊತ್ತಿಲ್ದೇ ಇದ್ರೆ, ಅಲಾರಂ ಹೊಡೆಯತ್ತೆ ಅಂತ ಕಾಯೋ ಹಾಗಿಲ್ಲ.

ಆ ಕಿರುಚಾಟಕ್ಕೂ ತಲೆ ಕೆಡಿಸ್ಕೊಳ್ಳದೇ ಓಡಿಸಿದ್ರೆ ಒಂದು ದಿನ ದನಿ ಬದಲಾಗತ್ತೆ. ಕೀಂಯ್ ಹೋಗಿ ಗರಗರ ಬರತ್ತೆ, ರುಬ್ಬೋ ಕಲ್ಲಿಗೆ ನೀರಿಲ್ಲದೆ ಏನೋ ಹಾಕಿದ ಹಾಗೆ. ಪಾದಕ್ಕೂ ಗೊತ್ತಾಗತ್ತೆ. ಉಜ್ಜೋ ಭಾಗ ಖಾಲಿ, ಹಿಂದಿನ ಉಕ್ಕಿನ ಪ್ಲೇಟೇ ಡಿಸ್ಕನ್ನ ಕೆರೀತಿದೆ ಅಂತ ಅರ್ಥ. ಆಗ ಕಾರು ನಿಲ್ಲೋಕೆ ಜಾಸ್ತಿ ದೂರ ಬೇಕು. ಒತ್ತುತ್ತಿದ್ದ ಹಾಗೇ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲ್ಲ. ಇದು ‘ಸಂಬಳ ಆದ್ಮೇಲೆ ನೋಡೋಣ’ ಅನ್ನೋ ಸದ್ದಲ್ಲ. ಕಾರು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನ ಕರೆಸಿ, ಇಲ್ಲಾಂದ್ರೆ ಟೋ ಮಾಡ್ಸಿ. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ ಪ್ಯಾಡ್ ರೆವಿನ್ಯೂ ಖರ್ಚು, ಸವೆಯೋಕೇ ಇರೋದು. ಡಿಸ್ಕ್ ಕ್ಯಾಪಿಟಲ್ ಖರ್ಚು. ಮೊದಲನೆಯದನ್ನ ಮುಂದೂಡಿದ್ರೆ ಅದು ಎರಡನೆಯದನ್ನೂ ತಿನ್ನತ್ತೆ. (ಕೆಲವು ಸಲ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿದ್ರೂ ಹೀಗೇ ಕೆರೆಯತ್ತೆ. ಜಲ್ಲಿ ರಸ್ತೆ ದಾಟಿದ ತಕ್ಷಣ ಶುರುವಾದ್ರೆ ಅದೇ ಇರಬಹುದು. ಆದ್ರೂ ಚಕ್ರ ಬಿಚ್ಚಿ ನೋಡದೆ ಕಲ್ಲೇ ಅಂತ ತೀರ್ಮಾನ ಮಾಡ್ಬೇಡಿ.)

ಹಾಗಂತ ಗ್ಯಾರೇಜಲ್ಲಿ ‘ಎಲ್ಲ ಚೇಂಜ್’ ಅಂದ ತಕ್ಷಣ ಒಪ್ಕೋಬೇಕಾ? ನನ್ನ ಕಾರು ಕೂಗೋಕೆ ಶುರು ಮಾಡಿದಾಗ ಒಂದು ಕಡೆ ಪ್ಯಾಡ್, ಡಿಸ್ಕ್, ಕ್ಯಾಲಿಪರ್ ಎಲ್ಲ ಸೇರಿಸಿ 14 ಸಾವಿರದ ಎಸ್ಟಿಮೇಟ್ ಬರೆದುಕೊಟ್ರು. ಚಕ್ರ ಬಿಚ್ಚಿರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಪ್ಯಾಡ್ ಎಷ್ಟು ಎಂಎಂ ಉಳಿದಿದೆ?’ ಉತ್ತರ ಬರಲಿಲ್ಲ. ಇನ್ನೊಂದು ಕಡೆ ಬಿಚ್ಚಿ ತೋರಿಸಿದ್ರು, ಆರು ಮಿಲಿಮೀಟರ್ ಇತ್ತು. ಕ್ಲೀನ್ ಮಾಡಿ, ಪಿನ್ನಿಗೆ ಬ್ರೇಕಿಗೆಂದೇ ಬರೋ ಗ್ರೀಸ್ ಹಚ್ಚಿ ಕೊಟ್ರು, ಬಿಲ್ 800. ಈ ಎಂಎಂ ಪ್ರಶ್ನೆ ಕಲಿತುಕೊಳ್ಳಿ. ಸಂಖ್ಯೆ ಕೇಳಿದವರ ಜೊತೆ ಮಾತಾಡೋ ರೀತಿಯೇ ಬೇರೆ ಆಗತ್ತೆ.

ನೀವೇ ನೋಡ್ಕೋಬಹುದು ಕೂಡ. ಅಲಾಯ್ ವೀಲ್ ಇದ್ರೆ ಕಡ್ಡಿಗಳ ಸಂದಿಯಿಂದ ಫೋನಿನ ಟಾರ್ಚ್ ಬಿಟ್ಟು ಒಂದು ಫೋಟೋ ತೆಗೀರಿ, ದೊಡ್ಡದು ಮಾಡಿ ನೋಡಿ. ಹೊರಗಿನ ಪ್ಯಾಡ್ ಕಾಣತ್ತೆ. ಒಳಗಿನದು ಕಾಣಲ್ಲ, ಎಷ್ಟೋ ಸಲ ಅದೇ ಮೊದಲು ಸವೆಯೋದು, ಹಾಗಾಗಿ ಹೊರಗಿನದು ಚೆನ್ನಾಗಿದೆ ಅಂತ ನಿದ್ದೆ ಮಾಡ್ಬೇಡಿ. ಸದ್ದು ಯಾವ ಕಡೆಯಿಂದ ಅಂತ ತಿಳಿಯೋಕೆ, ಕಿಟಕಿ ಇಳಿಸಿ ಉದ್ದನೆ ಕಾಂಪೌಂಡ್ ಗೋಡೆ ಪಕ್ಕ ನಿಧಾನ ಹೋಗಿ. ಗೋಡೆಗೆ ಬಡಿದು ಸದ್ದು ವಾಪಸ್ ಬರತ್ತೆ. ಪಕ್ಕದಲ್ಲಿ ಕೂತವರು ರೆಕಾರ್ಡ್ ಮಾಡ್ಲಿ. ಸದ್ದು ನಿಲ್ಲಿಸೋಕೆ ಅಂತ ಡಿಸ್ಕಿಗೆ ಎಣ್ಣೆ, ಸ್ಪ್ರೇ ಹೊಡೆಯೋ ರೀಲ್ ನೋಡಿದ್ರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಸದ್ದಿನ ಜೊತೆ ಬ್ರೇಕೂ ನಿಂತು ಹೋಗತ್ತೆ.

ಇನ್ನೊಂದು ಸದ್ದಿಗೆ ಜನ ವಿನಾಕಾರಣ ಹೆದರ್ತಾರೆ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಟಕಟ ಅಂತ ಪಾದವನ್ನೇ ವಾಪಸ್ ತಳ್ಳತ್ತೆ. ಅದು ಎಬಿಎಸ್ ಕೆಲಸ ಮಾಡ್ತಿರೋದು, ಚಕ್ರ ಲಾಕ್ ಆಗದ ಹಾಗೆ ಒತ್ತಡವನ್ನ ಬಿಟ್ಟು ಹಿಡಿದು ಮಾಡತ್ತೆ. ಗಾಬರಿಯಿಂದ ಕಾಲು ತೆಗೆದ್ರೆ ಕೆಟ್ಟಿತು. ಒತ್ತಿ ಹಿಡಿದೇ ಇರಿ, ಸ್ಟೇರಿಂಗ್ ತಿರುಗಿಸೋಕೆ ಆಗತ್ತೆ.

ಈಗ ಸದ್ದೇ ಮಾಡದ ತೊಂದರೆಗೆ ಬರ್ತೀನಿ. ಶಿವಮೊಗ್ಗದ ಗೆಳೆಯರಿಗೆ ನಾನು ಹೇಳ್ಬೇಕಿರೋದು ನಿಜವಾಗಿ ಇದನ್ನೇ.

ಬ್ರೇಕ್ ಅಂದ್ರೆ ವೇಗವನ್ನ ಶಾಖ ಮಾಡೋ ಯಂತ್ರ. 1200 ಕೆ.ಜಿ. ತೂಕದ ಕಾರನ್ನ ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದ್ರೆ ಹುಟ್ಟೋ ಶಾಖದಲ್ಲಿ ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ ಸುಮಾರು 95ಕ್ಕೆ ಕಾಯಿಸಬಹುದು. ಅದೇ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರ ಬರೀ ಬ್ರೇಕ್ ಮೇಲೆ ಇಳಿದ್ರೆ? ಹೆಚ್ಚುಕಡಿಮೆ 20 ಲೀಟರ್. ಒಂದು ಸ್ನಾನದ ಹಂಡೆ ಬಿಸಿನೀರು, ನಿಮ್ಮ ನಾಲ್ಕು ಚಕ್ರಗಳ ಒಳಗೆ. ಅದರ ಹೆಚ್ಚಿನ ಪಾಲು ಮುಂದಿನ ಎರಡರಲ್ಲಿ, ಯಾಕಂದ್ರೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲತ್ತೆ.

ಈ ಶಾಖ ಬ್ರೇಕ್ ಆಯಿಲ್‌ಗೂ ತಲುಪತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ. ಆದ್ರೆ ಈ ಆಯಿಲ್‌ಗೆ ಗಾಳಿಯ ತೇವ ಹೀರೋ ಗುಣ ಇದೆ. ಶೇ 3.7ರಷ್ಟು ನೀರು ಸೇರಿಕೊಂಡ ಮೇಲೆ ಆ ಮಿತಿ 155ರ ತನಕ ಇಳಿಯಬಹುದು. ಕುದಿದ್ರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನ ಒತ್ತಿದ್ರೆ ಅದು ಒತ್ತಡವನ್ನ ಮುಂದಕ್ಕೆ ದಾಟಿಸತ್ತೆ, ಗುಳ್ಳೆಯನ್ನ ಒತ್ತಿದ್ರೆ ಅದು ಸುಮ್ಮನೆ ಕುಗ್ಗತ್ತೆ. ಪೆಡಲ್ ಹಲ್ವಾ ಥರ ಒಳಗೆ ಹೋಗತ್ತೆ, ಕಾರು ನಿಲ್ಲಲ್ಲ. ಒಂದೇ ಒಂದು ಕೀಂಯ್ ಕೂಡ ಕೇಳಲ್ಲ. ಅದಕ್ಕೇ ಬಹಳ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಾಯಿಸಿ ಅನ್ನೋದು. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಎಷ್ಟು ಹೇಳಿದೆ ನೋಡಿ. ಲೆವೆಲ್ ಕಡಿಮೆಯಾಗಿದೆ ಅಂತ ಮೇಲಿಂದ ಸುರಿದು ಮುಚ್ಚಳ ಹಾಕೋದು ಬೇರೆ, ಬದಲಾಯಿಸೋದು ಬೇರೆ. ಪ್ಯಾಡ್ ಸವೆದಷ್ಟೂ ಲೆವೆಲ್ ತಾನಾಗೇ ಇಳಿಯತ್ತೆ. ಕಾರಣ ನೋಡದೆ ಟಾಪ್ ಅಪ್ ಮಾಡಿದ್ರೆ ಆ ಸುಳಿವನ್ನ ನಾವೇ ಅಳಿಸಿದ ಹಾಗೆ. ಎಲ್ಲಾದ್ರೂ ಸೋರ್ತಿದ್ರೆ ಇನ್ನೂ ಅಪಾಯ.

ಹಾಗಾಗಿ, ಶಿವಮೊಗ್ಗದವರೇ, ನನ್ನ ಉತ್ತರ: ಈಗ ಇರೋ ಸ್ಥಿತಿಯಲ್ಲಿ ಹೋಗ್ಬೇಡಿ. ಕೂಗ್ತಿದೆ ಅನ್ನೋ ಕಾರಣಕ್ಕೆ ಅಲ್ಲ, ಪ್ಯಾಡ್ ಎಷ್ಟಿದೆ, ಆಯಿಲ್ ಯಾವ ಕಾಲದ್ದು, ಎರಡೂ ನಿಮಗೆ ಗೊತ್ತಿಲ್ಲ ಅನ್ನೋ ಕಾರಣಕ್ಕೆ. ಆಗುಂಬೆಯಲ್ಲಿ ಹೇರ್‌ಪಿನ್ ತಿರುವುಗಳೇ 14. ನಾಲ್ಕೂ ಚಕ್ರ ಬಿಚ್ಚಿಸಿ ನೋಡಿಸಿ, ಆಯಿಲ್ ಹೊಸದು ಹಾಕಿಸಿ. ಹೆಚ್ಚಂದ್ರೆ ಅರ್ಧ ದಿನದ ಕೆಲಸ. ಪೆಡಲ್ ಮೆತ್ತಗಿದ್ರೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆದ್ರೆ, ಹ್ಯಾಂಡ್ ಬ್ರೇಕ್ ಇಳಿಸಿದ್ರೂ ಕೆಂಪು ದೀಪ ಉರೀತಾನೇ ಇದ್ರೆ, ಅದು ಸರಿಯಾಗೋ ತನಕ ಪ್ಲಾನ್ ಮುಂದಕ್ಕೆ ಹಾಕಿ. ಅಪ್ಪನಿಗೆ ಏನು ಹೇಳ್ಬೇಕು ಅನ್ನೋದು ನಿಮಗೇ ಬಿಟ್ಟಿದ್ದು. ‘ಎಷ್ಟು ಎಂಎಂ ಇದೆ ನೋಡಿಸ್ಕೊಂಡು ಬರ್ತೀನಪ್ಪ’ ಅಂದ್ರೆ ಜಗಳ ಬರಲ್ಲ ಅನ್ಸತ್ತೆ.

ಇಳಿಯುವಾಗ ಎರಡನೇ ಗೇರಲ್ಲಿ ಇಳೀರಿ, ಎಂಜಿನ್ನೇ ಕಾರನ್ನ ಹಿಡಿದಿಡ್ಲಿ. ಆಟೊಮ್ಯಾಟಿಕ್ ಆದ್ರೆ ಕೆಳಗಿನ ಗೇರ್ ಅಥವಾ ಮ್ಯಾನ್ಯುಯಲ್ ಮೋಡ್. ಪೆಟ್ರೋಲ್ ಉಳಿಯತ್ತೆ ಅಂತ ನ್ಯೂಟ್ರಲ್ ಮಾಡೋರಿಗೆ ಒಂದು ಮಾತು: ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ರೆ ಎಂಜಿನ್ನಿಗೆ ಇಂಧನ ಹೋಗೋದೇ ನಿಲ್ಲತ್ತೆ. ನ್ಯೂಟ್ರಲ್‌ನಲ್ಲಿ ಮಾತ್ರ ಅದು ಆಫ್ ಆಗದೇ ಇರೋಕೆ ಕುಡೀತಾನೇ ಇರತ್ತೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಕೀ ಆಫ್ ಮಾಡಿ ಇಳಿಸೋದಂತೂ ಬೇಡವೇ ಬೇಡ, ಎರಡು ಮೂರು ಸಲ ಒತ್ತೋದ್ರೊಳಗೆ ಬ್ರೇಕ್ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗತ್ತೆ.

ಕಮಟು ವಾಸನೆ ಬಂದ್ರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಆರೋಕೆ ಬಿಡಿ. ಕಾದ ಡಿಸ್ಕಿಗೆ ಬಾಟಲಿ ನೀರು ಸುರೀಬೇಡಿ, ಕಬ್ಬಿಣ ಬಿರುಕು ಬಿಡಬಹುದು. ಅರ್ಧ ಗಂಟೆ ಸುಮ್ಮನೆ ಕೂತ್ಕೊಳ್ಳಿ. ಆಗುಂಬೆಯಲ್ಲಿ ನೋಡೋಕೆ ಬೇಕಾದಷ್ಟಿದೆ.

ನಿಮ್ಮ ಕಾರಿನ ಸದ್ದಿದ್ರೆ ರೆಕಾರ್ಡ್ ಮಾಡಿ ಕಳಿಸಿ. ಬ್ರೇಕ್ ಒತ್ತಿದಾಗ ಬರ್ತಿತ್ತಾ, ಬಿಟ್ಟಾಗ ಬರ್ತಿತ್ತಾ ಅಂತ ಒಂದು ಸಾಲು ಬರೆದಿರಿ. ಮುಂದಿನ ಸಲ ಕ್ಲಚ್ ಬಗ್ಗೆ ಮಾತಾಡೋಣ.