ಹಸಿ ಮೀನು ತಿನ್ನುವ ಬೆಕ್ಕೂ ಮೂತ್ರಪಿಂಡದ ಪರೀಕ್ಷೆಯೂ

ಮಂಗಳೂರಿನ ಮನೆಗಳಲ್ಲಿ ಬೆಕ್ಕಿಗೆ ಹಸಿ ಮೀನು ಹಾಕುವುದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಬಂದರಿನ ದಕ್ಕೆಯಿಂದಲೋ, ಉರ್ವ ಕಂಕನಾಡಿಗಳ ಮಾರುಕಟ್ಟೆಯಿಂದಲೋ ತಂದ ಬೂತಾಯಿ, ಬಂಗುಡೆಗಳನ್ನು ಕೊಯ್ಯಲು ಹಿತ್ತಿಲಲ್ಲಿ ಕುಳಿತರೆ ಸಾಕು. ತುಳುವಿನಲ್ಲಿ ನಾವು ಪುಚ್ಚೆ ಎನ್ನುವ ಈ ಪ್ರಾಣಿ ಕರೆಯದೆಯೇ ಬಂದು ಹಾಜರಾಗುತ್ತದೆ. ತಲೆ, ಕರುಳು, ಬಾಲದ ತುಂಡು ಅದರ ಪಾಲು. ಈಚೆಗೆ ಹಸಿ ಕೋಳಿಮಾಂಸವನ್ನು ತೂಕಮಾಡಿ, ವೇಳೆಗೆ ಸರಿಯಾಗಿ ಬಡಿಸುವವರೂ ಉಂಟು.

ಇಂತಹ ಬೆಕ್ಕಿಗೆ ಎಂಟು ಹತ್ತು ವರ್ಷವಾದಾಗ ಪಶುವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿಸಿರೆಂದು ಹೇಳುತ್ತಾರೆ. ಕೈಗೆ ಬಂದ ವರದಿಯಲ್ಲಿ ಎರಡು ಮೂರು ಅಂಕೆಗಳು ದಪ್ಪಕ್ಷರದಲ್ಲಿರುತ್ತವೆ. ಮನೆಮಂದಿಗೆ ಗಾಬರಿ. ಆಗ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು: ಆರೋಗ್ಯವಾಗಿರುವ ಬೆಕ್ಕನ್ನು ರೋಗಿಯೆಂದು ಬಗೆದು, ಅದು ಇಷ್ಟಪಟ್ಟು ತಿನ್ನುವ ಆಹಾರವನ್ನು ಕಿತ್ತುಕೊಂಡು ಉಪವಾಸ ಕೆಡಹುವುದು. ಇನ್ನೊಂದು: "ಮೀನು ಮಾಂಸ ತಿನ್ನುವ ಬೆಕ್ಕು, ಅದರ ಅಂಕೆ ಹಾಗೆಯೇ ಇರುತ್ತದೆ" ಎಂದು ನಿಜವಾದ ರೋಗವನ್ನು ತಳ್ಳಿಹಾಕುವುದು. ಈ ಎರಡರ ನಡುವಿನ ದಾರಿ ಯಾವುದು ಎಂಬುದೇ ಇಂದಿನ ಭಾಷಣದ ವಿಷಯ. ವೈದ್ಯರ ಕೆಲಸವನ್ನು ನೀವೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ವೈದ್ಯರಿಗೆ ಏನು ತಿಳಿಸಬೇಕು, ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿದ್ದರೆ ಅವರ ಕೆಲಸ ಹಗುರಾಗುತ್ತದೆ, ಬೆಕ್ಕೂ ಬದುಕುತ್ತದೆ.

ಮೊದಲಿಗೆ ಬೆಕ್ಕಿನ ಮೂಲವನ್ನು ನೆನೆಯೋಣ. ನಮ್ಮ ಸಾಕುಬೆಕ್ಕಿನ ಪೂರ್ವಜ ಆಫ್ರಿಕದ ಮತ್ತು ಪಶ್ಚಿಮ ಏಷ್ಯದ ಒಣನಾಡುಗಳ ಕಾಡುಬೆಕ್ಕು. ನೀರು ಅಪರೂಪವಾದ ನೆಲದಲ್ಲಿ ಅದು ಬೇಟೆಯ ಮೈಯಲ್ಲಿರುವ ನೀರಿನಿಂದಲೇ ಬಹುಮಟ್ಟಿಗೆ ಜೀವಿಸಬೇಕಾಯಿತು. ಆದುದರಿಂದ ಅದರ ಮೂತ್ರಪಿಂಡಗಳು ನೀರನ್ನು ಬಿಗಿಹಿಡಿದು, ಕಸವನ್ನು ಮಾತ್ರ ಗಟ್ಟಿಮಾಡಿ ಹೊರಹಾಕುವುದರಲ್ಲಿ ಬಹಳ ಜಾಣ. ಈ ಗಟ್ಟಿತನದ ಅಳತೆಯೇ ಮೂತ್ರದ ವಿಶಿಷ್ಟ ಗುರುತ್ವ. ಶುದ್ಧ ನೀರಿನದು 1.000 ಆದರೆ, ಆರೋಗ್ಯವಂತ ಬೆಕ್ಕಿನ ಮೂತ್ರ ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ, 1.060 ಇದ್ದರೂ ಆಶ್ಚರ್ಯವಿಲ್ಲ. ವರದಿಯನ್ನು ಓದುವವರು ಮೊದಲು ನೋಡಬೇಕಾದ ಅಂಕೆ ಇದು. ಆದರೆ ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ರಕ್ತದ ಅಂಕೆ ನೋಡಿ ಕಾಗದ ಮಡಚಿಬಿಡುತ್ತಾರೆ.

ರಕ್ತದಲ್ಲಿ ಅಳೆಯುವ ಮುಖ್ಯ ವಸ್ತುಗಳು ಎರಡು: ಯೂರಿಯಾ ಮತ್ತು ಕ್ರಿಯಾಟಿನಿನ್. ತಿಂದ ಪ್ರೋಟೀನು ಪಚನವಾಗಿ, ಬಳಸಿ ಉಳಿದ ಸಾರಜನಕ ಪಿತ್ತಜನಕಾಂಗದಲ್ಲಿ ಯೂರಿಯಾ ಆಗುತ್ತದೆ. ಪ್ರೋಟೀನು ಹೆಚ್ಚು ತಿಂದರೆ ಯೂರಿಯಾ ಹೆಚ್ಚು. ಇದು ಒಲೆಗೆ ಸೌದೆ ಹೆಚ್ಚು ಹಾಕಿದರೆ ಬೂದಿ ಹೆಚ್ಚಾದಂತೆ. ಬೂದಿ ಹೆಚ್ಚಿದೆ ಎಂದಮಾತ್ರಕ್ಕೆ ಒಲೆ ಒಡೆದಿದೆ ಎನ್ನಲಾಗದು. ಮೀನು, ಮಾಂಸವನ್ನೇ ತಿನ್ನುವ ಬೆಕ್ಕಿನ ಯೂರಿಯಾ ಮೇಲಿನ ಗಡಿಯ ಬಳಿ, ಕೆಲವೊಮ್ಮೆ ಗಡಿಯಿಂದ ತುಸು ಆಚೆಗೆ ಇರುವುದು ಸಹಜ. ಹೊಟ್ಟೆತುಂಬ ತಿಂದ ಕೆಲವು ಗಂಟೆಗಳಲ್ಲಿ ರಕ್ತ ತೆಗೆದರಂತೂ ಅದು ಇನ್ನೂ ಏರಿರುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಎಚ್ಚರಿಕೆಯಿಂದ ದಾಟಬೇಕು. ಕೆಲವು ಪ್ರಯೋಗಾಲಯಗಳು "ಬ್ಲಡ್ ಯೂರಿಯಾ" ಎಂದು ಪೂರ್ಣ ಯೂರಿಯಾವನ್ನು ಬರೆಯುತ್ತವೆ, ಕೆಲವು "ಬಿ.ಯು.ಎನ್." ಎಂದು ಯೂರಿಯಾದಲ್ಲಿರುವ ಸಾರಜನಕವನ್ನು ಮಾತ್ರ ಬರೆಯುತ್ತವೆ. ಯೂರಿಯಾದ 60 ಪಾಲು ತೂಕದಲ್ಲಿ ಸಾರಜನಕದ್ದು 28 ಪಾಲು. ಆದುದರಿಂದ ಮೊದಲನೆಯ ಅಂಕೆಯನ್ನು 2.14ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಮನುಷ್ಯರ ರಕ್ತ ಪರೀಕ್ಷಿಸುವ ಕಡೆ ಬೆಕ್ಕಿನ ರಕ್ತವನ್ನು ಕೊಟ್ಟು, ಬ್ಲಡ್ ಯೂರಿಯಾ 75 ಮಿಲಿಗ್ರಾಂ ಎಂದು ಬಂದುದನ್ನು ಪುಸ್ತಕದಲ್ಲಿರುವ ಬೆಕ್ಕಿನ ಬಿ.ಯು.ಎನ್. ಗಡಿಯಾದ ಸುಮಾರು 36ರೊಡನೆ ಹೋಲಿಸಿದರೆ, ಇಮ್ಮಡಿಯಾಯಿತೆಂದು ಎದೆ ನಡುಗೀತು. ಭಾಗಿಸಿ ನೋಡಿ: 35. ಗಡಿಯ ಒಳಗೇ ಇದೆ! ಜೊತೆಗೆ ಮನುಷ್ಯರ ಗಡಿಗಳು ಬೆಕ್ಕಿಗೆ ಸಲ್ಲವೆಂಬುದನ್ನೂ ನೆನಪಿಡತಕ್ಕದ್ದು.

ಕ್ರಿಯಾಟಿನಿನ್ ಮಾಂಸಖಂಡಗಳಿಂದ ದಿನವೂ ಒಂದೇ ಗತಿಯಲ್ಲಿ ಹುಟ್ಟುವ ಕಸ. ಆಹಾರದ ಪ್ರಭಾವ ಇದರ ಮೇಲೆ ಯೂರಿಯಾದಷ್ಟಿಲ್ಲ. ಆದರೆ ಪೂರ್ಣ ಇಲ್ಲವೆಂದೂ ಅಲ್ಲ. ಕಟ್ಟುಮಸ್ತಾದ ಗಂಡುಬೆಕ್ಕಿನಲ್ಲಿ ಇದು ಹೆಚ್ಚಿರುತ್ತದೆ, ಬಡಕಲು ಮುದಿಬೆಕ್ಕಿನಲ್ಲಿ ಕಡಿಮೆಯಿರುತ್ತದೆ. ಈ ಎರಡನೆಯ ಮಾತೇ ಅಪಾಯಕಾರಿ. ಮೂತ್ರಪಿಂಡ ಕೆಟ್ಟಿದ್ದರೂ ಮಾಂಸ ಕರಗಿಹೋದ ಬೆಕ್ಕಿನ ಕ್ರಿಯಾಟಿನಿನ್ ಚೆನ್ನಾಗಿರುವಂತೆ ತೋರೀತು. ಅಂತಹ ಸಂದೇಹದಲ್ಲಿ ವೈದ್ಯರು ಎಸ್.ಡಿ.ಎಂ.ಎ. ಎಂಬ ಪರೀಕ್ಷೆಯನ್ನು ಹೇಳಬಹುದು. ಇದಕ್ಕೆ ಮಾಂಸಖಂಡದ ಹಂಗು ಕಡಿಮೆ. ಡೆಸಿಲೀಟರಿಗೆ 14 ಮೈಕ್ರೋಗ್ರಾಂವರೆಗೆ ಇದ್ದರೆ ಸಾಮಾನ್ಯ.

1998ರಲ್ಲಿ ಹುಟ್ಟಿದ ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯ ತಜ್ಞರ ಸಂಘ ಬೆಕ್ಕಿನ ದೀರ್ಘಕಾಲದ ಮೂತ್ರಪಿಂಡರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6ಕ್ಕಿಂತ ಕಡಿಮೆಯಾದರೆ ಮೊದಲನೆಯದು, 1.6ರಿಂದ 2.8 ಎರಡನೆಯದು, 2.9ರಿಂದ 5.0 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಆದರೆ ಈ ಮೆಟ್ಟಲುಗಳು ರೋಗ ಇದೆ ಎಂದು ಬೇರೆ ಸಾಕ್ಷ್ಯಗಳಿಂದ ನಿರ್ಧಾರವಾದ ಬಳಿಕ, ಬೆಕ್ಕಿನ ಮೈಯಲ್ಲಿ ನೀರು ಸರಿಯಾಗಿರುವಾಗ, ಬರಿಹೊಟ್ಟೆಯ ರಕ್ತದಲ್ಲಿ, ಒಂದಕ್ಕಿಂತ ಹೆಚ್ಚು ಬಾರಿ ಅಳೆದು ನೋಡತಕ್ಕವು. ಒಂದೇ ಒಂದು ಅಂಕೆಯನ್ನು ಹಿಡಿದು "ನಮ್ಮ ಬೆಕ್ಕು ಎರಡನೆಯ ಹಂತದಲ್ಲಿದೆ" ಎನ್ನುವುದು ಸಲ್ಲದು.

ಈಗ ಎರಡು ಬೆಕ್ಕುಗಳನ್ನು ಊಹಿಸಿಕೊಳ್ಳಿ. ಮೊದಲನೆಯದು ಒಂಬತ್ತು ವರ್ಷದ ಗಂಡು, ದಿನವೂ ಹಸಿ ಮೀನು, ಮೈ ತುಂಬಿಕೊಂಡಿದೆ, ಗೋಡೆ ಹಾರುತ್ತದೆ. ಬಿ.ಯು.ಎನ್. 38, ಕ್ರಿಯಾಟಿನಿನ್ 1.9, ಮೂತ್ರದ ಗುರುತ್ವ 1.050. ಎರಡನೆಯದು ಹನ್ನೆರಡರ ಹೆಣ್ಣು; ವರ್ಷದಲ್ಲಿ ಅರ್ಧ ಕಿಲೋ ತೂಕ ಇಳಿದಿದೆ; ಬಚ್ಚಲಿನ ನೀರನ್ನೂ ಬಿಡದೆ ಕುಡಿಯುತ್ತದೆ. ಬಿ.ಯು.ಎನ್. 34, ಕ್ರಿಯಾಟಿನಿನ್ 1.7, ಮೂತ್ರದ ಗುರುತ್ವ 1.014. ರಕ್ತದ ಅಂಕೆ ಮಾತ್ರ ನೋಡಿದವರು ಮೊದಲನೆಯದಕ್ಕೆ ಮರುಗುತ್ತಾರೆ. ಚಿಂತಿಸಬೇಕಾದುದು ಎರಡನೆಯದಕ್ಕೆ! ಮೊದಲನೆಯದರ ಮೂತ್ರಪಿಂಡ ನೀರನ್ನು ಬಿಗಿಹಿಡಿಯುತ್ತಿದೆ. ಬರಿಹೊಟ್ಟೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿದರೆ ಸದ್ಯಕ್ಕೆ ಸಾಕು. ಎರಡನೆಯದು ಆ ಶಕ್ತಿಯನ್ನು ಕಳೆದುಕೊಂಡಿರುವಂತಿದೆ. ಮೂತ್ರಪಿಂಡದ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ನಿಂತಾಗ ಮೂತ್ರ ತೆಳ್ಳಗಾಗುತ್ತದೆ. ಸುಮಾರು ನಾಲ್ಕರಲ್ಲಿ ಮೂರು ಪಾಲು ನಿಂತ ಮೇಲಷ್ಟೇ ರಕ್ತದ ಅಂಕೆ ಸ್ಪಷ್ಟವಾಗಿ ಏರುತ್ತದೆ. ಸಿಹಿಮೂತ್ರ, ಥೈರಾಯ್ಡ್ ಗ್ರಂಥಿಯ ಅತಿಕೆಲಸ ಮೊದಲಾದ ಬೇರೆ ರೋಗಗಳಲ್ಲಿಯೂ ಬೆಕ್ಕು ಹೆಚ್ಚು ನೀರು ಕುಡಿದು ಬಡವಾಗುವುದುಂಟು. ಅದನ್ನು ವೈದ್ಯರು ಬೇರ್ಪಡಿಸಿ ಹೇಳಬೇಕು. ನೆನಪಿಡಬೇಕಾದ ಸೂತ್ರ ಇಷ್ಟೆ: ಹಸಿ ಆಹಾರ ಯೂರಿಯಾದ ಏರಿಕೆಗೆ ಕಾರಣ ಹೇಳಬಲ್ಲುದು, ತೂಕ ಇಳಿಯುವುದಕ್ಕೂ ಮೂತ್ರ ನೀರಿನಂತಾಗುವುದಕ್ಕೂ ಅದು ಕಾರಣ ಹೇಳಲಾರದು.

ಒಂದು ರಿಯಾಯಿತಿ ಮಾತ್ರ ಕೊಡಬೇಕು. ಹಸಿ ಮೀನಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ನೀರು. ಪೊಟ್ಟಣದ ಒಣ ಆಹಾರದಲ್ಲಿ ಸುಮಾರು ಹತ್ತು. ಆದುದರಿಂದ ಮೀನು ತಿನ್ನುವ ಬೆಕ್ಕಿನ ಮೂತ್ರ ಒಮ್ಮೆ 1.030 ಎಂದು ಬಂದರೆ ಎದೆಗುಂದಬೇಕಾಗಿಲ್ಲ. ಇನ್ನೊಂದು ದಿನ, ಬೆಳಗಿನ ಮೊದಲ ಮೂತ್ರವನ್ನು ನೋಡಬಹುದು. ಮತ್ತೆ ಮತ್ತೆ ಕೆಳಗೇ ಇದ್ದರೆ ಅದು ಆಹಾರದ ಗುಣವಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹಸಿ ಮೀನು ತುಟ್ಟಿಯಾಗಿ, ಬೆಕ್ಕಿಗೆ ಉಪ್ಪು ಹಾಕಿದ ಒಣಮೀನು ಬೀಳುವುದುಂಟು. ಉಪ್ಪು ತಿಂದದ್ದು ನೀರು ಕುಡಿಯಲೇಬೇಕು, ಮೂತ್ರ ತೆಳ್ಳಗಾಗಲೇಬೇಕು. ಪರೀಕ್ಷೆಯ ಹಿಂದಿನ ವಾರ ಬೆಕ್ಕು ಏನು ತಿಂದಿತೆಂಬುದನ್ನು ವೈದ್ಯರಿಗೆ ತಿಳಿಸಬೇಕಾದುದು ಇದಕ್ಕಾಗಿಯೇ.

ಮೂತ್ರದ ವರದಿಯ ಉಳಿದ ಸಾಲುಗಳನ್ನೂ ನೋಡೋಣ. ಪಿ.ಎಚ್. ಎಂಬುದು ಹುಳಿ, ಕ್ಷಾರಗಳ ಅಳತೆ. ಮಾಂಸಾಹಾರಿಯಾದ ಬೆಕ್ಕಿನ ಮೂತ್ರ 6ರಿಂದ 6.5ರ ಸುಮಾರಿಗೆ ಹುಳಿಯಾಗಿರುವುದೇ ಸರಿ. ಹರಳುಗಳು ಕಂಡಿವೆ ಎಂದು ಬರೆದಿದ್ದರೆ, ಮೂತ್ರ ಎಷ್ಟು ಹೊತ್ತು ಇಟ್ಟದ್ದೆಂದು ಕೇಳಿ. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟ ಮೂತ್ರದಲ್ಲಿ ಇಲ್ಲದ ಹರಳುಗಳು ಮೂಡುತ್ತವೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ನೋಡಿದ್ದಕ್ಕೆ ಮಾತ್ರ ಬೆಲೆ ಹೆಚ್ಚು. ಕಾಗದದ ಪಟ್ಟಿಯನ್ನು ಅದ್ದಿ ನೋಡುವ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಚೌಕವೂ ಗುರುತ್ವದ ಚೌಕವೂ ಬೆಕ್ಕಿನ ಮಟ್ಟಿಗೆ ನಂಬತಕ್ಕವಲ್ಲ. ಗುರುತ್ವವನ್ನು ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದಲ್ಲೇ ನೋಡಿಸಬೇಕು. ಗಟ್ಟಿ ಮೂತ್ರದಲ್ಲಿ ಪ್ರೋಟೀನಿನ ಸುಳಿವು ಕಂಡರೆ ಅಷ್ಟೇನೂ ಅರ್ಥವಿಲ್ಲ. ತೆಳು ಮೂತ್ರದಲ್ಲಿ ಕಂಡರೆ ಅರ್ಥವಿದೆ. ಆಗ ಮೂತ್ರದ ಪ್ರೋಟೀನನ್ನು ಮೂತ್ರದ ಕ್ರಿಯಾಟಿನಿನ್ನಿನಿಂದ ಭಾಗಿಸಿ ನೋಡುತ್ತಾರೆ. 0.2ಕ್ಕಿಂತ ಕಡಿಮೆಯಾದರೆ ನಿಶ್ಚಿಂತೆ, 0.4ಕ್ಕಿಂತ ಹೆಚ್ಚಾದರೆ ಗಮನ ಬೇಕು.

ಪರೀಕ್ಷೆಗೆ ಮುನ್ನ ಹತ್ತು ಹನ್ನೆರಡು ಗಂಟೆ ಆಹಾರ ಕೊಡಬೇಡಿ. ನೀರನ್ನು ಮಾತ್ರ ತಪ್ಪಿಸಬೇಡಿ. ಮರಿಗಳನ್ನೂ ಸಿಹಿಮೂತ್ರದ ಬೆಕ್ಕನ್ನೂ ಈಗಾಗಲೇ ಬಳಲಿದ ಬೆಕ್ಕನ್ನೂ ವೈದ್ಯರನ್ನು ಕೇಳದೆ ಉಪವಾಸವಿಡಬಾರದು. ಮೂತ್ರ ಹಿಡಿಯಲು ಮರಳು, ಬೂದಿಗಳ ಬದಲು ಚೆನ್ನಾಗಿ ತೊಳೆದು ಒಣಗಿಸಿದ ಸಣ್ಣ ಬೆಣಚುಕಲ್ಲುಗಳನ್ನು ತಟ್ಟೆಯಲ್ಲಿ ಹರಡಬಹುದು. ಸೋಂಕಿನ ಪರೀಕ್ಷೆಗಾದರೆ ವೈದ್ಯರೇ ಸೂಜಿಯಿಂದ ಮೂತ್ರಾಶಯದಿಂದ ತೆಗೆಯುವುದು ಮೇಲು.

ರೋಗ ಇದೆಯೆಂದೇ ನಿರ್ಧಾರವಾಯಿತೆನ್ನಿ. ಆಗ ನೋಡಬೇಕಾದ ಇನ್ನೊಂದು ಅಂಕೆ ರಂಜಕದ್ದು, ಅದನ್ನು 4.6 ಮಿಲಿಗ್ರಾಮಿನ ಕೆಳಗೆ ಇಡುವುದು ಚಿಕಿತ್ಸೆಯ ಗುರಿ. ಮೀನಿನ ತಲೆ, ಮುಳ್ಳುಗಳಲ್ಲಿ ರಂಜಕ ತುಂಬಿರುವುದರಿಂದ, ಮೊದಲು ಬಿಡಬೇಕಾದುದು ಅವನ್ನು. ರಕ್ತದ ಒತ್ತಡವನ್ನೂ ಅಳೆಯಿಸಿ. 160ಕ್ಕಿಂತ ಮೇಲಿದ್ದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಕೇಡು. ಹೊಸ ಆಹಾರವನ್ನು ವಾರಗಟ್ಟಲೆ ಸಮಯ ಕೊಟ್ಟು, ಹಳೆಯದರೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ರೂಢಿಮಾಡಿಸಬೇಕು. ಒಮ್ಮೆಲೇ ಬದಲಿಸಿದರೆ ಬೆಕ್ಕು ತಟ್ಟೆಗೆ ಬೆನ್ನು ತಿರುಗಿಸುತ್ತದೆ. ಕೆಲವು ದಿನ ಏನೂ ತಿನ್ನದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ, ಅದೇ ಪ್ರಾಣಕ್ಕೆ ಬರುತ್ತದೆ. ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಮೀನುಸಾರನ್ನು ಬೆಕ್ಕಿಗೆ ಹಾಕಲೇಬಾರದು; ಅದು ರಕ್ತಕಣಗಳನ್ನು ಒಡೆಯುತ್ತದೆ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳು ಬೆಕ್ಕಿಗೆ ವಿಷ. ಇನ್ನು ಆರೋಗ್ಯವಾದ ಬೆಕ್ಕಿಗೂ ಬರೀ ಹಸಿ ಮೀನು ಪೂರ್ಣಾಹಾರವಲ್ಲ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಬಿ-1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುತ್ತದೆ. ಬೇಯಿಸಿದರೆ ಅದು ಅಡಗುತ್ತದೆ. ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಕೂಡಿಸಿ ಹಾಕಿದರೆ ನೀರಿನ ಲಾಭವೂ ಉಳಿಯುತ್ತದೆ.

ಕೊನೆಯದಾಗಿ, ಯಾವ ವರದಿಗೂ ಕಾಯಬಾರದ ಒಂದು ಸಂದರ್ಭವಿದೆ. ಗಂಡುಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ, ನರಳುತ್ತಿದೆ ಎಂದರೆ ಅದು ಮಲಬದ್ಧತೆಯೆಂದು ತಿಳಿದು ಹರಳೆಣ್ಣೆ ಕುಡಿಸಲು ಹೋಗಬೇಡಿ. ಅದರ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿಯೋ ಲೋಳೆಯೋ ಅಡ್ಡ ಬಿದ್ದರೆ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲು ಎರಡು ಮೂರು ದಿನ ಸಾಕು. ರಾತ್ರಿಯಾದರೂ ಮಳೆಯಾದರೂ ಬುಟ್ಟಿಯಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೊರಡಿ. ಸಕಾಲದಲ್ಲಿ ನಾಳವನ್ನು ಬಿಡಿಸಿದ ಬೆಕ್ಕಿನ ಯೂರಿಯಾ, ಕ್ರಿಯಾಟಿನಿನ್‌ಗಳು ಎಷ್ಟೇ ಏರಿದ್ದರೂ ಬಹುಪಾಲು ಕೆಲವೇ ದಿನಗಳಲ್ಲಿ ಇಳಿಯುತ್ತವೆ.

ಉಳಿದಂತೆ ನೀವು ಮಾಡಬೇಕಾದುದು ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಮ್ಮೆ ಬೆಕ್ಕಿನ ತೂಕ ಬರೆದಿಡಿ: ಬೆಕ್ಕನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರೆ ಆಯಿತು. ಏಳೆಂಟು ವರ್ಷ ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆ ರಕ್ತವನ್ನೂ ಮೂತ್ರವನ್ನೂ ಒಂದೇ ದಿನ ಪರೀಕ್ಷೆ ಮಾಡಿಸಿ, ಹಳೆಯ ವರದಿಗಳನ್ನು ಎಸೆಯದೆ ಒಟ್ಟಿಗೆ ಇಡಿ. ಪುಸ್ತಕದಲ್ಲಿ ಅಚ್ಚಾದ ಗಡಿಗಿಂತ, ಅದೇ ಬೆಕ್ಕಿನ ಹೋದ ವರ್ಷದ ಅಂಕೆ ವೈದ್ಯರಿಗೆ ಹೆಚ್ಚು ಹೇಳುತ್ತದೆ.